ಕೊಳ್ಳುವವರು ಕಾಣೆಯಾದ ಕಾಲಗಳು: ನಮ್ಮ ಜಿಲ್ಲೆಯ ಮನೆ ಮಾರಾಟದ ಕಥೆ

ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜ ಕಟ್ಟಿಸಿದ ಮಾಳಿಗೆ ಮನೆ ಇತ್ತು. ಅದರ ಗೋಡೆ ಮೇಲೆ ಎರಡೂವರೆ ವರ್ಷ ಒಂದೇ ಸಾಲು ಇತ್ತು: 'ಈ ಮನೆ ಮಾರುವುದಿದೆ'. ಕೆಳಗೆ ಕಾಕಾನ ಫೋನ್ ನಂಬರ್. ಮಳೆಗೆ ಬಣ್ಣ ಮಾಸಿದಾಗ ಎರಡು ಸಲ ಮತ್ತೆ ಬರೆಸಿದೆವು. ಕೇಳಲು ಬಂದವರು ಬೆರಳೆಣಿಕೆಯಷ್ಟು ಜನ.

ಆಗ ಊರಲ್ಲಿ ಯಾರನ್ನು ಕೇಳಿದರೂ 'ರೇಟ್ ಬಿದ್ದೈತಿ' ಎನ್ನುತ್ತಿದ್ದರು. ಸರಿಯಾಗಿ ನೋಡಿದರೆ ರೇಟ್ ಬಿದ್ದಿರಲಿಲ್ಲ. ಮಾರುವವರೆಲ್ಲ ಹಳೆಯ ಬೆಲೆಯನ್ನೇ ಹೇಳುತ್ತಿದ್ದರು. ಕೊಳ್ಳುವವರು ಮಾತ್ರ ಇರಲಿಲ್ಲ. ಜೋಳ, ಮೆಣಸಿನಕಾಯಿಯ ದರ ಎಪಿಎಂಸಿಯಲ್ಲಿ ದಿನಾ ಏರಿಳಿಯುವುದು ಕಾಣುತ್ತದೆ. ಮನೆಯ ಮಾರುಕಟ್ಟೆ ಬಿದ್ದರೆ ಹಾಗೆ ಕಾಣುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ನಿಂತಾಗ ಕಾಯಬಲ್ಲವರು ಉಳಿಯುತ್ತಾರೆ, ಕಾಯಲಾಗದವರು ಸಿಕ್ಕ ಬೆಲೆಗೆ ಕೊಟ್ಟು ಹೋಗುತ್ತಾರೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹೀಗೆ ಮಾರುಕಟ್ಟೆ ನಿಂತದ್ದು ಮೊದಲ ಸಲವೇನಲ್ಲ. ಹಿಂದಿನ ಕೆಲವು ಸಲ ಏನಾಯಿತೆಂದು ನೋಡಿದರೆ, ನಮ್ಮ ಮನೆಯ ವಿಷಯದಲ್ಲಿ ನಾವು ಎಲ್ಲಿ ಎಡವಿದೆವು ಎಂಬುದೂ ಗೊತ್ತಾಗುತ್ತದೆ.

ಬೀಗ ಹಾಕಿದ ಮನೆಗಳು: 1947–48

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಮ್ಮ ಸೀಮೆ ಇನ್ನೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಖರೀದಿ ಪತ್ರಕ್ಕೆ 'ಬೈನಾಮಾ', ಅಡಮಾನಕ್ಕೆ 'ರಹನ್' ಎಂಬ ಹೆಸರು. ಹಳೆಯ ಮನೆತನಗಳ ಟ್ರಂಕಿನಲ್ಲಿ ಈಗಲೂ ಉರ್ದು ಕಾಗದ ಸಿಗುತ್ತವೆ. ಮನೆಯಲ್ಲಿ ಓದಬಲ್ಲವರು ಯಾರೂ ಉಳಿದಿಲ್ಲ.

ರಜಾಕಾರರ ಹಾವಳಿ ಹೆಚ್ಚಾದಾಗ ಗಡಿ ಹತ್ತಿರದ ಹಳ್ಳಿಗಳ ಜನ ಮನೆಗೆ ಬೀಗ ಹಾಕಿ ಆಚೆಯ ಮುಂಬೈ ಪ್ರಾಂತ್ಯಕ್ಕೆ ದಾಟಿದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳಿದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿ ಸ್ವಾಮಿಗಳು. ಆ ದಿನಗಳಲ್ಲಿ ಗಡಿಹಳ್ಳಿಯ ಮನೆಯನ್ನು ಯಾರು ಕೊಳ್ಳಬೇಕು? 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆ ಜನ ಮರಳಿದರು, ಮರುವರ್ಷ ಜಾಗೀರುಗಳೂ ರದ್ದಾದವು. ಬರೀ ಬೀಗ ಹಾಕಿ ಹೋದವರಿಗೆ ಮನೆ ಉಳಿಯಿತು. ಕೈಗೆ ಬಂದಷ್ಟಕ್ಕೆ ಬರೆದುಕೊಟ್ಟು ಹೋದವರು ಮತ್ತೆ ಕೇಳುವ ಹಾಗಿರಲಿಲ್ಲ.

ಒಬ್ಬನೇ ಖರೀದಿದಾರ: ತುಂಗಭದ್ರೆಯ ಕಾಲ

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿತ್ತು. 1953ರಲ್ಲಿ ನೀರು ನಿಂತಿತು. ಎರಡೂ ದಂಡೆ ಸೇರಿ ಸುಮಾರು 90 ಹಳ್ಳಿ ಮುಳುಗಿದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ಆಚೆ ದಂಡೆಯ ನಾರಾಯಣದೇವರಕೆರೆ ಮುಳುಗಿ, ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಮುಳುಗುವ ಊರಿನ ಮನೆಗೆ ಬೆಲೆ ಕಟ್ಟುವವನು ಒಬ್ಬನೇ, ಅದು ಸರ್ಕಾರ. ಚೌಕಾಸಿಗೆ ಜಾಗವಿಲ್ಲ, ಮುಂದಿನ ವರ್ಷ ನೋಡೋಣ ಎನ್ನುವ ಹಾಗೂ ಇಲ್ಲ. ಮುಂದಿನ ವರ್ಷ ಅಲ್ಲಿ ನೀರಿರುತ್ತದೆ. ಗೋಡೆ, ಬಾಗಿಲು, ಹಿತ್ತಲಿಗೆ ಲೆಕ್ಕ ಹಾಕಬಹುದು. ನೆರೆಹೊರೆಗೆ ಲೆಕ್ಕ ಹಾಕುವವರು ಯಾರು?

ಅದೇ ನೀರು ಎಡದಂಡೆ ಕಾಲುವೆಯಲ್ಲಿ ಗಂಗಾವತಿ ಕಡೆ ಹೊರಟಾಗ ಇನ್ನೊಂದು ವ್ಯಾಪಾರ ಶುರುವಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಅಲ್ಲಿಯ ದುಬಾರಿ ಗದ್ದೆ ಮಾರಿ, ಇಲ್ಲಿ ಕಡಿಮೆ ಬೆಲೆಗೆ ಹೆಚ್ಚು ಎಕರೆ ಕೊಂಡರು. ಕಾಲುವೆ ಗುಂಟ ಶ್ರೀರಾಮನಗರದಂಥ ಕ್ಯಾಂಪುಗಳು ಎದ್ದವು. ಜೋಳ ಬೆಳೆಯುವ ನಮ್ಮವರಿಗೆ ಮಸಾರಿ, ಎರೆ ಹೊಲದ ಬೆಲೆ ಗೊತ್ತಿತ್ತು. ನೀರು ಬಂದ ಮೇಲಿನ ಬೆಲೆ ಗೊತ್ತಿರಲಿಲ್ಲ. ಬಂದವರಿಗೆ ಕೃಷ್ಣಾ, ಗೋದಾವರಿ ಕಾಲುವೆಗಳನ್ನು ನೋಡಿ ಅದು ಗೊತ್ತಿತ್ತು. ನೀರು ಕಂಡವರು ಕೊಂಡರು, ಕಾಣದವರು ಮಾರಿದರು. ಯಾರೂ ಮೋಸ ಮಾಡಲಿಲ್ಲ. ಒಬ್ಬರಿಗೆ ಮುಂದಿನ ಇಪ್ಪತ್ತು ವರ್ಷ ಕಾಣುತ್ತಿತ್ತು, ಇನ್ನೊಬ್ಬರಿಗೆ ಈ ವರ್ಷದ ಸಾಲ ಕಾಣುತ್ತಿತ್ತು.

ಅಲ್ಲಿಂದ ಮುಂದೆ ಗಂಗಾವತಿ, ಕಾರಟಗಿ ಕಡೆ ಮನೆ ಜಾಗದ ಬೆಲೆಯೂ ಕಾಲುವೆಯ ಹಿಂದೆಯೇ ನಡೆಯಿತು. ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂಬ ಮಾತು ಅಕ್ಕಿ ಗಿರಣಿಯಿಂದ ಸೈಟ್ ದಲ್ಲಾಳಿಯವರೆಗೆ ಎಲ್ಲರದೂ ಆಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟದ್ದು ಅದಕ್ಕೇ.

ಮುದ್ದತ್ ಖರೀದಿ ಎಂಬ ಉರುಳು

ಕುಷ್ಟಗಿ, ಯಲಬುರ್ಗಾ ಕಡೆ ಕಾಲುವೆ ಇರಲಿಲ್ಲ. ಇಲ್ಲಿ ಮಾರುಕಟ್ಟೆ ನಿಲ್ಲಿಸುತ್ತಿದ್ದದ್ದು ಬರ. 1972ರ ಬರದ ಮಾತು ಬಂದರೆ ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದು ಒಂದೇ: ಮನೆಗೆ ಗಿರಾಕಿ ಇರಲಿಲ್ಲ, ಮನೆಯ ತೊಲೆ, ಬಾಗಿಲಿಗೆ ಮಾತ್ರ ಇದ್ದರು. ಕಾಳು ತರಲು ಕೆಲವರು ಬಾಗಿಲು ಕಿತ್ತು ಕೊಟ್ಟರು. ಉಳಿದವರು ಮನೆಯನ್ನು ಮುದ್ದತ್ ಖರೀದಿಗೆ ಬರೆದರು.

ಈ ಪದ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಖುಷ್ ಖರೀದಿ ಎಂದರೆ ಕಾಯಂ ಮಾರಾಟ. ಮುದ್ದತ್ ಖರೀದಿ ಎಂದರೆ, ಇಂತಿಷ್ಟು ವರ್ಷದೊಳಗೆ ಹಣ ತಿರುಗಿ ಕೊಟ್ಟರೆ ಮನೆ ವಾಪಸ್, ಇಲ್ಲವಾದರೆ ಕೊಂಡವರದೇ. ಹೆಸರಿಗೆ ಮಾರಾಟ, ನಿಜದಲ್ಲಿ ಸಾಲ. ಸಾಲ ಆದ್ದರಿಂದ ಮನೆಯ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ. ಮುದ್ದತ್ತು ಮುಗಿದರೆ ಅರ್ಧ ಬೆಲೆಗೆ ಪೂರ್ತಿ ಮನೆ ಹೋಗುತ್ತದೆ.

ಕಾನೂನು ಇಲ್ಲಿ ಮಾರುವವನ ಕೈ ಹಿಡಿಯುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಆಸ್ತಿ ವರ್ಗಾವಣೆ ಕಾಯ್ದೆಗೆ 1929ರಲ್ಲಿ ಆದ ತಿದ್ದುಪಡಿಯ ಪ್ರಕಾರ, ವಾಪಸ್ ಕೊಡುವ ಮಾತು ಅದೇ ಖರೀದಿ ಪತ್ರದಲ್ಲಿ ಬರೆದಿರಬೇಕು. ಆಗ ಮಾತ್ರ ಅದನ್ನು ಅಡಮಾನ ಎಂದು ವಾದಿಸಬಹುದು. ಅಡಮಾನವೆಂದು ಕೋರ್ಟ್ ಒಪ್ಪಿದರೆ ಬಿಡಿಸಿಕೊಳ್ಳುವ ದಾವೆಗೆ 30 ವರ್ಷದ ಅವಕಾಶವಿದೆ. ಬೇರೆ ಚೀಟಿಯಲ್ಲಿ ಬರೆದರೆ, ಅಥವಾ 'ಬಾಯಿಮಾತು ಸಾಕು ಬಿಡು' ಎಂದುಕೊಂಡರೆ, ಆ ದಾರಿ ಮುಚ್ಚಿದಂತೆಯೇ. ಬರದ ವರ್ಷ ಎಷ್ಟು ಮನೆ ಹೀಗೆ ಚೀಟಿಯ ಮೇಲೆ ಹೋದವೋ!

ಕೆಂಪು ಧೂಳು ನಿಂತ ದಿನ: 2011

1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಕಚೇರಿ ಬಂದವು, ನೌಕರರು ಬಂದರು, ಬಾಡಿಗೆ ಮನೆ ಬೇಕಾದವು. ಅದರ ಹಿಂದೆಯೇ ಅದಿರಿನ ಕಾಲ. ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿದಂತೆ ಹೊಸಪೇಟೆ, ಸಂಡೂರಿನ ಅದಿರು ಕೊಪ್ಪಳದ ಹೆದ್ದಾರಿ ಮೇಲೆ ಬಂದರುಗಳತ್ತ ಹೊರಟಿತು. ಗಿಣಿಗೇರಾ ಸುತ್ತ ಕಾರ್ಖಾನೆಗಳು. ಲಾರಿ, ಟೈರ್ ಅಂಗಡಿ, ಗ್ಯಾರೇಜ್, ಧಾಬಾ, ಕೊನೆಗೆ ಸೈಟ್. ಹೊಲಕ್ಕೆ ಕಲ್ಲು ನೆಟ್ಟು ಲೇಔಟ್ ಎನ್ನುವುದು ಆಗ ಶುರುವಾದ ಚಾಳಿ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಗಣಿ ಇದ್ದದ್ದು ಬಳ್ಳಾರಿಯಲ್ಲಿ, ಲಾರಿಯ ಕಂತು ಕಟ್ಟುತ್ತಿದ್ದವರು ನಮ್ಮಲ್ಲೂ ಇದ್ದರು. ಲಾರಿ ನಿಂತರೂ ಕಂತು ನಿಲ್ಲಲಿಲ್ಲ. ಕಂತು ಕಟ್ಟಲು ಸೈಟ್ ಮಾರಬೇಕು. ಎಲ್ಲರೂ ಒಟ್ಟಿಗೇ ಮಾರಲು ನಿಂತರೆ ಕೊಳ್ಳುವವರು ಯಾರು?

ಗಣಿಯ ಕಾಯಿಲೆ ಒಂದು ರಾತ್ರಿಯಲ್ಲಿ ವಾಸಿಯಾಗಲಿಲ್ಲ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೋರ್ಟ್ ಕೆಲವು ಗಣಿಗಳಿಗೆ ಮಿತಿ ಹಾಕಿ ಅನುಮತಿ ಕೊಟ್ಟಿತು. ಆ ನಡುವೆ ಎದ್ದು ಕಂಡದ್ದು ಕಾಗದದ ಫರಕು. ಲೇಔಟ್ ನಕ್ಷೆಗೆ ಮಂಜೂರಾತಿ ಇದ್ದ ಸೈಟು ತಡವಾಗಿಯಾದರೂ ಮಾರಾಟವಾಯಿತು. 'ಎನ್.ಎ. ಆಗೈತಿ' ಎಂಬ ಮಾತಿನ ಮೇಲೆ ಕೊಂಡವರ ಕಲ್ಲುಗಳ ಸುತ್ತ ಜಾಲಿ ಬೆಳೆಯಿತು. ಎನ್.ಎ. ಎಂದರೆ ಹೊಲ ಕೃಷಿಯೇತರ ಆಯಿತು ಎಂದಷ್ಟೇ. ಲೇಔಟಿಗೆ ಮಂಜೂರಾತಿ ಬೇರೆಯೇ ಬೇಕು. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಸೈಟ್ ಮಾಡಿ ಮಾರುವವರು ರೇರಾ ನೋಂದಣಿ ಮಾಡಿಸಬೇಕೆಂಬ ನಿಯಮ ಬಂದದ್ದು ಆಮೇಲೆ, 2017ರಲ್ಲಿ.

ನಮ್ಮ ಮನೆ: 2016ರಿಂದ 2019

ಈಗ ಗೋಡೆಯ ಬರಹಕ್ಕೆ ಬರೋಣ. 2016ರ ಅಕ್ಟೋಬರ್‌ನಲ್ಲಿ ಕಾಕಾನ ಮಗಳ ಮದುವೆ ಗೊತ್ತಾಯಿತು. ಅಜ್ಜನ ಮನೆಯನ್ನು ಆರು ಲಕ್ಷಕ್ಕೆ ಮಾತಾಡಿದರು. ಕೊಳ್ಳುವವರು ಗಂಗಾವತಿ ಕಡೆಯ ವ್ಯಾಪಾರಿ. ಐವತ್ತು ಸಾವಿರ ಸಂಚಕಾರ ಕೊಟ್ಟರು, ಉಳಿದದ್ದಕ್ಕೆ ಮೂರು ತಿಂಗಳ ವಾಯಿದೆ. ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು.

ನಮ್ಮ ಕಡೆ ಖರೀದಿ ಹೇಗೆ ನಡೆಯುತ್ತಿತ್ತೆಂದು ನಿಮಗೂ ಗೊತ್ತು. ನೋಂದಣಿ ಕಚೇರಿಯ ಪತ್ರದಲ್ಲಿ ಸರ್ಕಾರಿ ಮಾರ್ಗಸೂಚಿ ದರ, ಉಳಿದದ್ದು ಕೈಯಲ್ಲಿ ನಗದು. ಆ ನಗದಿಗೇ ಪೆಟ್ಟು ಬಿದ್ದ ಮೇಲೆ ಮಾರುಕಟ್ಟೆ ನಿಲ್ಲದೆ ಏನಾಗುತ್ತದೆ? ವ್ಯಾಪಾರಿ ಒಂದು ವಾರ ಬಿಟ್ಟು ಚೀಲ ಹಿಡಿದು ಬಂದರು. "ಎರಡು ಲಕ್ಷ ಅದಾವ್ರಿ, ಹಳೇ ನೋಟು. ತಗೊಂಡು ನೀವ ಬ್ಯಾಂಕಿಗೆ ಕಟ್ರಿ" ಎಂದರು. ಕಾಕಾ ಮುಟ್ಟಲಿಲ್ಲ. "ಇವತ್ತ ತಗೊಂಡ್ರ ನಾಳೆ ಲೆಕ್ಕ ಯಾರು ಕೊಡಬೇಕ್ರಿ?" ಎಂದು ಕಳಿಸಿದರು.

ವಾಯಿದೆ ಮುಗಿಯಿತು. ಊರ ರೂಢಿಯಂತೆ ಕೊಳ್ಳುವವನು ಹಿಂದೆ ಸರಿದರೆ ಸಂಚಕಾರ ಹೋಯಿತು, ಮಾರುವವನು ಸರಿದರೆ ಎರಡು ಪಟ್ಟು ಕೊಡಬೇಕು. ಇಲ್ಲಿ ತಪ್ಪು ಇಬ್ಬರದೂ ಅಲ್ಲ. ಹಿರಿಯರು ಕಟ್ಟೆಗೆ ಕೂತು, ಅರ್ಧ ತಿರುಗಿ ಕೊಡಿರಿ ಎಂದರು. ಕಾಕಾ 25 ಸಾವಿರ ಕೊಟ್ಟರು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯಬಾರದೆಂಬ ಆದಾಯ ತೆರಿಗೆ ನಿಯಮ 2015ರ ಜೂನ್‌ನಿಂದಲೇ ಇತ್ತು. ಬರೀ ಕೃಷಿ ಆದಾಯ ಇರುವವರಿಗೆ ಅದರಲ್ಲಿ ವಿನಾಯಿತಿ ಉಂಟು. ಕಟ್ಟೆಗೆ ಕೂತ ಯಾರಿಗೂ ಈ ಸುದ್ದಿ ಗೊತ್ತಿರಲಿಲ್ಲ, ಪತ್ರಿಕೋದ್ಯಮ ಓದಿದ ನಮಗೂ.

ಮದುವೆ ನಿಲ್ಲುವಂತಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಕಾಕಾ ನೂರಕ್ಕೆ ಮೂರರ ಬಡ್ಡಿಗೆ ಎರಡು ಲಕ್ಷ ತಂದರು. ತಿಂಗಳಿಗೆ ಆರು ಸಾವಿರ. ಅದೇ ವರ್ಷ ದೀಪಾವಳಿ ಹೊತ್ತಿಗೆ ಇನ್ನೊಬ್ಬ ಗಿರಾಕಿ ಸಿಕ್ಕರು. ಐದೂಕಾಲು ಲಕ್ಷ, ಬ್ಯಾಂಕಿನ ಮೂಲಕ. ಅವರು ಒಂದೇ ಮಾತು ಕೇಳಿದರು: ಇ–ಸ್ವತ್ತು ಎಲ್ಲಿ?

ಇರಲಿಲ್ಲ. ಪಂಚಾಯಿತಿ ಪುಸ್ತಕದಲ್ಲಿ ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಅಜ್ಜ ತೀರಿಕೊಂಡು ಹದಿನಾಲ್ಕು ವರ್ಷ. ವಂಶಾವಳಿ ಮಾಡಿಸಬೇಕು, ಅಪ್ಪ, ಕಾಕಾನ ಜತೆ ಇಬ್ಬರು ಅತ್ತೆಯರ ಒಪ್ಪಿಗೆ ಬೇಕು. ಒಬ್ಬ ಅತ್ತೆ ಗುಳೆ ಹೋದವಳು ಗೋವಾದಲ್ಲೇ ನಿಂತಿದ್ದಳು. ಸಹಿ ಕೇಳಲು ಹೋದಾಗ ಆಕೆ ಜಗಳ ಮಾಡಲಿಲ್ಲ. "ನನಗ ಪಾಲು ಬ್ಯಾಡಪ್ಪ. ಆದ್ರ ಮಾತಾಡೂಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು" ಎಂದಳು. ಅಪ್ಪ ತಲೆ ತಗ್ಗಿಸಿ ಕೂತದ್ದು ನಮಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಎಲ್ಲ ಕಾಗದ ಆಗುವಷ್ಟರಲ್ಲಿ ವರ್ಷ ದಾಟಿತ್ತು, ಗಿರಾಕಿ ಬೇರೆ ಮನೆ ಕೊಂಡಾಗಿತ್ತು.

2019ರ ಏಪ್ರಿಲ್‌ನಲ್ಲಿ ನಾಲ್ಕೂವರೆ ಲಕ್ಷಕ್ಕೆ ಕೊಟ್ಟೆವು. ಮೊದಲ ಮಾತಿಗಿಂತ ಒಂದೂವರೆ ಲಕ್ಷ ಕಡಿಮೆ. ಎರಡು ವರ್ಷದ ಬಡ್ಡಿ 1,44,000. ಮಾರುಕಟ್ಟೆ ಬಿದ್ದು ಹೋದದ್ದೆಷ್ಟೋ, ಕಾಯುತ್ತ ಹೋದದ್ದೂ ಹೆಚ್ಚುಕಡಿಮೆ ಅಷ್ಟೇ. ಕಾಯಲಾಗದ ಹಾಗೆ ಮಾಡಿದ್ದು ಸಾಲ. ಕಾಯಲೇಬೇಕಾದ ಹಾಗೆ ಮಾಡಿದ್ದು ನಮ್ಮ ಕಾಗದ.

ಈಗ ಏರುವ ಕಾಲ

2025ರ ಮೇ 15ರಂದು ಕುಷ್ಟಗಿಗೆ ರೈಲು ಬಂತು. ಗದಗ–ವಾಡಿ ಮಾರ್ಗ ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ದಾಟಿ ಇಲ್ಲಿಯವರೆಗೆ ತಲುಪಿದೆ. ಈಗ ಎಲ್ಲಿ ನಿಂತರೂ ಸೈಟಿನದೇ ಮಾತು. ಬೇಡ ಎನ್ನಲು ನಾವ್ಯಾರು? ಆದರೆ ಏರುವಾಗ ಯಾರೂ ಕೇಳದ ಕಾಗದವನ್ನೇ ಬೀಳುವಾಗ ಎಲ್ಲರೂ ಕೇಳುತ್ತಾರೆ.

ಮಾರುವ ವಿಚಾರ ಇಲ್ಲದಿದ್ದರೂ ಹಿರಿಯರ ಹೆಸರಿನ ಮನೆಯನ್ನು ಈಗಲೇ ವಾರಸುದಾರರ ಹೆಸರಿಗೆ ಮಾಡಿಸಿರಿ. ಅಕ್ಕ–ತಂಗಿಯರನ್ನು ಮೊದಲೇ ಕೇಳಿರಿ. ಸಂಚಕಾರವನ್ನು ಬ್ಯಾಂಕಿನ ಮೂಲಕ ಕೊಡಿರಿ, ವಾಯಿದೆ ತಪ್ಪಿದರೆ ಏನೆಂಬುದನ್ನು ಬರೆಸಿರಿ. ಕರಾರು ಪತ್ರದಿಂದ ಮನೆ ನಿಮ್ಮದಾಗುವುದಿಲ್ಲ, ನೋಂದಾಯಿತ ಖರೀದಿ ಪತ್ರದಿಂದಲೇ ಆಗುತ್ತದೆ. ಕರಾರಿನಂತೆ ಖರೀದಿ ಮಾಡಿಕೊಡಿ ಎಂದು ಕೋರ್ಟಿಗೆ ಹೋಗಲು ವಾಯಿದೆಯ ದಿನದಿಂದ ಮೂರೇ ವರ್ಷ. ಬೆಲೆ ಬಿದ್ದ ಕಾಲದಲ್ಲಿ ನೀವು ಕಡಿಮೆಗೆ ಕೊಂಡರೂ ಮುದ್ರಾಂಕ ಶುಲ್ಕವನ್ನು ಸಾಮಾನ್ಯವಾಗಿ ಮಾರ್ಗಸೂಚಿ ದರಕ್ಕೇ ಹಿಡಿಯುತ್ತಾರೆ, ಆ ಲೆಕ್ಕ ಮೊದಲೇ ಇರಲಿ.

ಅಜ್ಜನ ಮನೆ ಕೊಂಡವರು ಹಳೆಯ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಿದ್ದಾರೆ. ಹೊಸ್ತಿಲು, ಬಾಗಿಲು ಹಳೆಯದೇ ಉಳಿದಿವೆ. ಹೋದ ಜಾತ್ರೆಗೆ ಗೋವಾದ ಅತ್ತೆ ಬಂದಿದ್ದಳು. ಆ ಮನೆಯವರು ಕರೆದು ಚಹಾ ಕೊಟ್ಟರು. ಅತ್ತೆ ಒಳಗೆ ಹೋಗುವಾಗ ಬಾಗಿಲ ಚೌಕಟ್ಟು ಮುಟ್ಟಿ ನೋಡಿ, ಏನೂ ಮಾತಾಡದೆ ಹೊಸ್ತಿಲು ದಾಟಿದಳು.