ಮೊಲದ ಕರುಳಿನಲ್ಲಿ ಸಿಕ್ಕ ವಿಷ

ಕಾಲರಾ ಉಲ್ಬಣಿಸಿದರೆ ರೋಗಿಯ ದೇಹದಿಂದ ಒಂದೇ ದಿನದಲ್ಲಿ 10 ಲೀಟರಿಗೂ ಹೆಚ್ಚು ನೀರು ಹೋಗಬಹುದು. ಆದರೆ ರೋಗ ತರುವ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ಅದರ ಮೇಲೆ ಕೂತಿರುತ್ತದೆ ಅಷ್ಟೆ. ಹಾಗಾದರೆ ಕೊಲ್ಲುವುದು ಯಾವುದು? ಬ್ಯಾಕ್ಟೀರಿಯಾದ ವಿಷಗಳ ಚರಿತ್ರೆ ಓದುವಾಗ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಉತ್ತರ ಸಿಗಲು ಮುಕ್ಕಾಲು ಶತಮಾನ ಹಿಡಿಯಿತು.

1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ವಿಷವೊಂದನ್ನು ಸ್ರವಿಸುತ್ತಿರಬೇಕೆಂದೂ ಊಹಿಸಿದರು. ಅವರ ನಂತರ ಬಂದ ಬಹುಪಾಲು ಸಂಶೋಧಕರು ಆ ವಿಷವನ್ನು ಸತ್ತ ಬ್ಯಾಕ್ಟೀರಿಯಾದ ಒಡಲಲ್ಲಿ ಹುಡುಕಿದರು. ಪ್ರಾಣಿಗಳ ರಕ್ತನಾಳಕ್ಕೋ ಹೊಟ್ಟೆಯ ಪೊರೆಯೊಳಕ್ಕೋ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತವು. ಆದರೆ ಆ ಸಾವು ಕಾಲರಾದ ಸಾವಿನಂತಿರಲಿಲ್ಲ.

ಕಲ್ಕತ್ತೆಯ ರೋಗಶಾಸ್ತ್ರಜ್ಞ ಶಂಭುನಾಥ ಡೇ ಹುಡುಕುವ ಜಾಗವನ್ನೇ ಬದಲಿಸಿದರು. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ದಾರದಿಂದ ಕಟ್ಟಿ, ನಡುವೆ ಬ್ಯಾಕ್ಟೀರಿಯಾ ಸೇರಿಸಿದರು. ಮರುದಿನ ಆ ಭಾಗ ನೀರು ತುಂಬಿ ಉಬ್ಬಿತ್ತು. ಈ ವಿಧಾನ 1953ರಲ್ಲಿ ಪ್ರಕಟವಾಯಿತು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಇನ್ನೂ ಮುಂದೆ ಹೋದರು: ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಜೀವಾಣುಗಳಿಲ್ಲದ ದ್ರವವನ್ನಷ್ಟೇ ಹಾಕಿದರೂ ಕರುಳು ಉಬ್ಬುತ್ತಿತ್ತು. ಬ್ಯಾಕ್ಟೀರಿಯಾ ಹೊರಸುರಿದ ವಿಷ ಆ ದ್ರವದಲ್ಲಿತ್ತು, ಅದರ ಗುರಿ ಕರುಳಿನ ಒಳಪದರವಾಗಿತ್ತು.

ಆ ಪದರದ ಜೀವಕೋಶದಲ್ಲಿ ವಿಷ ಹಿಡಿಯುವುದು ಏನನ್ನು ಎಂಬುದು 1970ರ ದಶಕದ ಆರಂಭದಲ್ಲಿ ತಿಳಿಯಿತು: ಜಿಎಂ1 ಎಂಬ, ಸಕ್ಕರೆಯ ಸರಪಳಿ ಹೊತ್ತ ಕೊಬ್ಬಿನ ಅಣು. ವಿಷದ ಐದು ‘ಬಿ’ ತುಣುಕುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ‘ಎ’ ತುಣುಕು ಒಳಹೊಕ್ಕು ಜೀವಕೋಶದ ಒಂದು ಸ್ವಿಚ್ಚು ಆರದಂತೆ ಮಾಡುತ್ತದೆ. ಕ್ಲೋರೈಡ್ ಹೊರಗೆ ಹರಿಯುತ್ತದೆ, ಅದರ ಬೆನ್ನಿಗೆ ನೀರು. ಜಿಎಂ1 ನರಕೋಶಗಳಲ್ಲೂ ಧಾರಾಳವಾಗಿದೆ. ಆದರೆ ಕುಡಿಯುವ ನೀರಿನ ಜೊತೆ ಬಂದ ಬ್ಯಾಕ್ಟೀರಿಯಾ ಕರುಳಿನಲ್ಲೇ ನೆಲೆಯೂರುವುದರಿಂದ ಪೆಟ್ಟು ಬೀಳುವುದು ಅಲ್ಲಿನ ಕೋಶಗಳಿಗೆ.

ಆ ಕೋಶಗಳಲ್ಲೂ ವಿಷ ಎಲ್ಲವನ್ನೂ ಕೆಡಿಸುವುದಿಲ್ಲ. ಗ್ಲೂಕೋಸಿನ ಜೊತೆ ಸೋಡಿಯಂ ಅನ್ನು ಒಳಗೆಳೆಯುವ ವ್ಯವಸ್ಥೆ ಉಳಿದಿರುತ್ತದೆ. ಉಪ್ಪು, ಸಕ್ಕರೆ ಬೆರೆಸಿದ ನೀರು ಜೀವ ಉಳಿಸುವುದು ಇದರಿಂದಲೇ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ವೈದ್ಯ ದಿಲೀಪ್ ಮಹಲನಬೀಸ್ ಇದನ್ನು ಮಾಡಿ ತೋರಿಸಿದರು.

ಡೇ 1985ರಲ್ಲಿ ತೀರಿಕೊಂಡರು. ಬದುಕಿದ್ದಾಗ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. ಬೆಂಗಳೂರಿನ ‘ಕರೆಂಟ್ ಸೈನ್ಸ್’ ಅವರ ಕೆಲಸಕ್ಕೆಂದೇ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ. ಅಷ್ಟು ಹೊತ್ತಿಗೆ, ದಾರ ಕಟ್ಟಿದ ಮೊಲದ ಕರುಳು ಭೇದಿ ತರುವ ಬೇರೆ ಬ್ಯಾಕ್ಟೀರಿಯಾಗಳ ವಿಷ ಹುಡುಕುವವರಿಗೂ ದಾರಿ ತೋರಿಸಿಯಾಗಿತ್ತು.