ನೈರ್ಮಲ್ಯದ ಹೊಣೆ ಯಾರದು? – ದ್ವೀಪಗಳು ಕಲಿಸುವ ಪಾಠ

ಹಿರಿಯೂರು ತಾಲ್ಲೂಕಿನ ಗಡಿಭಾಗದಲ್ಲಿರುವ ಧರ್ಮಪುರ ಪುರಾತನವಾದ ಊರು. ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿ ಮೆರೆದ ಹೇಮಾವತಿಯು ಇದಕ್ಕೆ ಸಮೀಪದಲ್ಲಿ, ಈಗಿನ ಆಂಧ್ರಪ್ರದೇಶದ ಎಲ್ಲೆಯೊಳಗಿದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಊರೆಂದರೆ ಮೊದಲು ಕೆರೆ. ಧರ್ಮಪುರಕ್ಕೂ ದೊಡ್ಡ ಕೆರೆಯೊಂದುಂಟು. ಕೆರೆ ಕಟ್ಟಿಸಿದವರನ್ನು ನಮ್ಮ ನಾಡಿನ ಶಾಸನಗಳು ಆದರದಿಂದ ಸ್ಮರಿಸುತ್ತವೆ. ಆದರೆ ಊರಿನ ಜನ ಮಲವಿಸರ್ಜನೆಗೆ ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಅರಿಯಲು ಶಾಸನಗಳಿಗಿಂತ ನಮ್ಮ ನುಡಿಯೇ ಹೆಚ್ಚು ನೆರವಾಗುತ್ತದೆ. ‘ಬಯಲಿಗೆ ಹೋಗುವುದು’, ‘ಹೊರಕಡೆಗೆ ಹೋಗುವುದು’ ಎಂಬ ಮಾತುಗಳೇ ಶೌಚಕ್ಕೆ ಪರ್ಯಾಯವಾಗಿ ನಿಂತಿವೆ.

ಈ ‘ಹೊರಕಡೆ’ ಎಂಬ ಕಲ್ಪನೆ ವಿಶಾಲವಾದ ನೆಲವುಳ್ಳವರ ಕಲ್ಪನೆ. ಊರಾಚೆ ಬಿಟ್ಟುಬಂದದ್ದು ಊರಿಗೆ ಸಂಬಂಧಿಸಿದ್ದಲ್ಲವೆಂದು ನಾವು ಭಾವಿಸಿದೆವು. ಮೊದಲ ಮಳೆಗೆ ಅದು ಹಳ್ಳ ಸೇರಿ, ಹಳ್ಳದಿಂದ ಕೆರೆ ಸೇರಿ, ಕೆರೆಯಿಂದ ಕೊಡಕ್ಕೆ ಬರುವುದನ್ನು ಗಮನಿಸಲಿಲ್ಲ. ಕತ್ತಲಾಗುವವರೆಗೆ ಕಾದಿರಬೇಕಾದ ಹೆಣ್ಣುಮಕ್ಕಳ ಸಂಕಟವನ್ನೂ ಗಮನಿಸಲಿಲ್ಲ.

ಹೊರಕಡೆ ಎಂಬುದೇ ಇಲ್ಲದ ನೆಲದಲ್ಲಿ ಬಾಳುವವರ ಸ್ಥಿತಿ ಏನು? ಅಂತಹ ನೆಲ ಕನ್ನಡ ನಾಡಿಗೆ ತೀರ ಅಪರಿಚಿತವಲ್ಲ. ಇಂದು ಲಕ್ಷದ್ವೀಪಕ್ಕೆ ಸೇರಿರುವ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಹವಳದ ಮರಳಿನ ಈ ದ್ವೀಪಗಳಲ್ಲಿ ನದಿಯಿಲ್ಲ. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಕೆಲವೇ ಅಡಿ ಅಗೆದರೆ ಸಿಹಿನೀರು ಸಿಕ್ಕುತ್ತದೆ. ಅದೇ ಮರಳಿನಲ್ಲಿ ಶೌಚದ ಗುಂಡಿಯನ್ನೂ ತೆಗೆದರೆ ಅದರ ಕೊಳೆ ಬಾವಿಗೆ ಬರಲು ಹೆಚ್ಚು ಕಾಲ ಬೇಡ.

ಸಣ್ಣ ದ್ವೀಪರಾಷ್ಟ್ರಗಳು ಈ ಸತ್ಯವನ್ನು ಪ್ರಾಣ ತೆತ್ತು ಕಲಿತುವು. ಶಾಂತಸಾಗರದ ಕಿರಿಬಾಸ್‌ನಲ್ಲಿ 1977ರಲ್ಲಿಯೂ, ನಮ್ಮ ನೆರೆಯ ಮಾಲ್ಡೀವ್ಸ್‌ನಲ್ಲಿ 1978ರಲ್ಲಿಯೂ ಕಾಲರಾ ಹಬ್ಬಿತು. ಅನಂತರ ಕಿರಿಬಾಸ್‌ನ ಜನನಿಬಿಡ ಭಾಗಗಳಲ್ಲಿ ಒಳಚರಂಡಿ ಹಾಕಿದಾಗ ಅದನ್ನು ತೊಳೆಯಲು ಸಮುದ್ರದ ನೀರನ್ನೇ ಬಳಸಿದರು. ಸಿಹಿನೀರನ್ನು ಅದಕ್ಕೆ ವ್ಯಯಿಸುವಂತಿರಲಿಲ್ಲ. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಬಾವಿಗಳು ಕೆಟ್ಟು, ಕುಡಿಯಲು ಸಮುದ್ರದ ಉಪ್ಪನ್ನು ತೆಗೆದ ನೀರನ್ನೇ ನೆಚ್ಚಬೇಕಾಯಿತು. ತುವಾಲುವಿನಲ್ಲಿ 2011ರ ಬರಗಾಲದಲ್ಲಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ನೀರು ಬೇಡದ, ಮಲವನ್ನು ಗೊಬ್ಬರವಾಗಿಸುವ ಶೌಚಾಲಯಗಳು ಅಲ್ಲಿ ಬಳಕೆಗೆ ಬಂದಿವೆ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆಯು ಶುದ್ಧ ನೀರು ಮತ್ತು ನೈರ್ಮಲ್ಯ ಮಾನವ ಹಕ್ಕೆಂದು ಅಂಗೀಕರಿಸಿತು.

ನೆಲ ವಿಶಾಲವಾಗಿದ್ದ ನಾವು ಕಲಿತದ್ದೇನು? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಅದರ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರದಂತಹ ಹೊಸ ಬಡಾವಣೆಗಳು ಬೆಳೆದುವು. ಅಗಲವಾದ ಬೀದಿ, ಗಾಳಿ ಬೆಳಕುಳ್ಳ ಮನೆ ಎಲ್ಲವೂ ಇದ್ದುವು. ಜೊತೆಗೆ ಮನೆಗಳ ಹಿಂದೆ ‘ಕನ್ಸರ್ವೆನ್ಸಿ ಗಲ್ಲಿ’ ಎಂಬ ಕಿರಿದಾದ ಓಣಿಗಳಿದ್ದುವು. ಕಕ್ಕಸಿನ ಮಲವನ್ನು ಒಯ್ಯುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದುಹೋಗಲು ಮಾಡಿದ ದಾರಿ ಅದು. ಹಳ್ಳಿಯಲ್ಲಿ ಬಯಲು ‘ಹೊರಕಡೆ’ಯಾಗಿದ್ದರೆ, ಪಟ್ಟಣದಲ್ಲಿ ಒಂದು ಜನವರ್ಗವನ್ನೇ ‘ಹೊರಗಿನವರ’ನ್ನಾಗಿ ಮಾಡಿದೆವು.

1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. 1993ರಲ್ಲಿ ಇಡೀ ದೇಶದ ದೃಷ್ಟಿಯಿಂದ ಕಾಯಿದೆಯಾಯಿತು. 2013ರಲ್ಲಿ ಇನ್ನಷ್ಟು ಕಠಿಣವಾದ ಕಾಯಿದೆ ಬಂದಿತು. ಇವೆರಡರ ನಡುವೆ, 2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಒಕ್ಕಲೆಬ್ಬಿಸುವ ಭೀತಿಗೆ ಒಳಗಾದ ಭಂಗಿ ಸಮುದಾಯದವರು ಮಲವನ್ನು ತಮ್ಮ ಮೈಗೇ ಸುರಿದುಕೊಂಡು ಪ್ರತಿಭಟಿಸಿದರು. ನಾಡು ನಾಚಿ ತಲೆತಗ್ಗಿಸಿದ ದಿನವದು. ಮ್ಯಾನ್‌ಹೋಲಿಗೆ ಇಳಿದವರು ಉಸಿರುಗಟ್ಟಿ ಸಾಯುವುದು ಇಂದಿಗೂ ನಿಂತಿಲ್ಲ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಿಂದ ಹಳ್ಳಿ ಹಳ್ಳಿಗಳಲ್ಲಿ ಶೌಚಾಲಯಗಳು ಎದ್ದುವು. ಸಂತೋಷವೇ ಸರಿ. ಆದರೆ ಪ್ರತಿಯೊಂದು ಶೌಚಾಲಯದ ಹಿಂದೆಯೂ ಒಂದು ಗುಂಡಿಯಿದೆ. ಅದು ಒಂದು ದಿನ ತುಂಬುತ್ತದೆ. ತುಂಬಿದಾಗ ಅದರೊಳಗೆ ಇಳಿಯುವವರು ಯಾರು?

ನಮ್ಮ ಪೂರ್ವಾಚಾರ್ಯರು ಈ ವಿಷಯವನ್ನು ಕೀಳೆಂದು ಬದಿಗಿರಿಸಲಿಲ್ಲ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಈರ್ಯೆ, ಭಾಷೆ, ಏಷಣೆ, ಆದಾನನಿಕ್ಷೇಪಗಳ ಸಾಲಿನಲ್ಲಿಯೇ ಉತ್ಸರ್ಗ ಸಮಿತಿಯನ್ನೂ ಸೇರಿಸಿದರು. ಮಲಮೂತ್ರಗಳನ್ನು ಜೀವಜಂತುಗಳಿಲ್ಲದ, ಯಾರಿಗೂ ಬಾಧೆಯಾಗದ ಎಡೆಯಲ್ಲಿ ನೋಡಿ, ಎಚ್ಚರದಿಂದ ವಿಸರ್ಜಿಸಬೇಕೆಂಬುದು ಅದರ ತಾತ್ಪರ್ಯ. ದೇಹದಿಂದ ಹೊರಬಿದ್ದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಅದು ಬಿದ್ದ ಜಾಗದಲ್ಲಿ ಏನಾಗುವುದೆಂಬುದೂ ನಮ್ಮ ಹೊಣೆಯೇ. ಅನಿವಾರ್ಯತೆ ದ್ವೀಪವಾಸಿಗಳಿಗೆ ಕಲಿಸಿದುದನ್ನು ಈ ಸಮಿತಿಯು ವಿವೇಕದ ದಾರಿಯಿಂದಲೇ ಕಲಿಸುತ್ತದೆ.

ಗೃಹಸ್ಥರೂ ಬಸದಿಗಳ ಆಡಳಿತ ಮಂಡಲಿಯವರೂ ಇದನ್ನು ತಮ್ಮ ಮಟ್ಟಿಗೆ ಅನ್ವಯಿಸಿಕೊಳ್ಳುವುದು ಕಷ್ಟವೇನಲ್ಲ. ಯಾತ್ರಿಕರ ವಸತಿಗೃಹವನ್ನು ಕಟ್ಟಿಸುವಾಗ ಬಾವಿಗೂ ಗುಂಡಿಗೂ ಸಾಕಷ್ಟು ಅಂತರವಿರಲಿ. ಜೋಡಿಗುಂಡಿಯ ಶೌಚಾಲಯವಾದರೆ ತುಂಬಿದ ಗುಂಡಿಯನ್ನು ಒಂದೆರಡು ವರ್ಷ ಮುಚ್ಚಿಟ್ಟು, ಮಲ ಗೊಬ್ಬರವಾದ ಮೇಲೆ ನಿರಪಾಯವಾಗಿ ತೆಗೆಯಬಹುದು. ಒಂದೇ ತೊಟ್ಟಿಯಿದ್ದಲ್ಲಿ ಯಂತ್ರದಿಂದಲೇ ಅದನ್ನು ಬರಿದು ಮಾಡಿಸಬೇಕು, ಮನುಷ್ಯನನ್ನು ಇಳಿಸಲೇಬಾರದು. ಉತ್ಸವ ಮುಗಿದ ಮರುದಿನ ಶುಚಿಗೊಳಿಸುವವರಿಗೆ ಸಲ್ಲುವ ಕೂಲಿ, ಕೈಗವಸು, ಸ್ನಾನಕ್ಕೆ ನೀರು, ಉಳಿದವರೊಡನೆ ಪಂಕ್ತಿಯಲ್ಲಿ ಊಟ – ಇವೂ ಉತ್ಸವದ ಖರ್ಚಿನಲ್ಲಿಯೇ ಸೇರಿರಲಿ.

ಇರುವೆಯನ್ನು ತುಳಿಯದಂತೆ ನಡೆಯಲು ಕಲಿತವರು ನಾವು. ನಮ್ಮ ಮಲದ ಗುಂಡಿಯಲ್ಲಿ ಮನುಷ್ಯನೊಬ್ಬ ಸಾಯದಂತೆ ನೋಡಿಕೊಳ್ಳುವುದು ಆ ನಡಿಗೆಯ ಮುಂದಿನ ಹೆಜ್ಜೆ.