ಸಾವಿನಿಂದ ಗುರಿಯೆಡೆಗೆ: ಮಲೇರಿಯಾ ಔಷಧ ಶೋಧದಲ್ಲಿ ಬೆಂಗಳೂರಿನ ಎರಡು ದಾರಿಗಳು

ಬೆಂಗಳೂರಿಗೂ ಮಲೇರಿಯಾ ಸಂಶೋಧನೆಗೂ ಇರುವ ನಂಟನ್ನು ಹೇಳುವಾಗ ರೊನಾಲ್ಡ್ ರಾಸ್ ಹೆಸರು ಮೊದಲು ಬರುತ್ತದೆ. 1883ರಲ್ಲಿ ದಂಡು ಪ್ರದೇಶದಲ್ಲಿ ಹಂಗಾಮಿ ಸೇನಾ ವೈದ್ಯರಾಗಿದ್ದಾಗ, ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆ ತಗ್ಗುತ್ತದೆಂಬುದನ್ನು ಅವರು ಗಮನಿಸಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. ಶತಮಾನ ಕಳೆದ ಮೇಲೆ, ರೋಗಿಯ ರಕ್ತದಲ್ಲಿರುವ ಆ ಪರಾವಲಂಬಿಯನ್ನು ಕೊಲ್ಲಬಲ್ಲ ಸಂಶ್ಲೇಷಿತ ಔಷಧಕ್ಕಾಗಿ ಇದೇ ನಗರದಲ್ಲಿ ನಡೆದ ಹುಡುಕಾಟ ಈ ಲೇಖನದ ವಸ್ತು. ಹುಡುಕಾಟ ಕಿಣ್ವವೊಂದನ್ನು ಗುರಿಯಾಗಿಟ್ಟುಕೊಂಡು ಹೊರಡಬೇಕೋ, ಪರಾವಲಂಬಿ ಸತ್ತದ್ದನ್ನು ಕಂಡು ಹೊರಡಬೇಕೋ? ನನ್ನ ಒಲವು ಎರಡನೆಯದರ ಕಡೆಗಿದೆ.

ಮೊದಲ ದಾರಿಗೆ ಟ್ರೈಕ್ಲೋಸಾನ್ ಉದಾಹರಣೆ. ಸಾಬೂನು, ಟೂತ್‌ಪೇಸ್ಟುಗಳಲ್ಲಿ ಬಳಕೆಯಲ್ಲಿದ್ದ ಈ ರಾಸಾಯನಿಕ ಮಲೇರಿಯಾ ಪರಾವಲಂಬಿಯನ್ನು ಕೊಲ್ಲುತ್ತದೆಂದು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 2001ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ತೋರಿಸಿದರು. ಪರಾವಲಂಬಿ ಕೊಬ್ಬಿನಾಮ್ಲ ತಯಾರಿಸುವ ಬಗೆ ಮನುಷ್ಯನದಕ್ಕಿಂತ ಭಿನ್ನ. ಅದರಲ್ಲಿ ಪಾಲ್ಗೊಳ್ಳುವ ಈನಾಯ್ಲ್ ಎಸಿಪಿ ರಿಡಕ್ಟೇಸ್ ಕಿಣ್ವವನ್ನು ಟ್ರೈಕ್ಲೋಸಾನ್ ತಡೆಯುತ್ತದೆ ಎಂಬುದು ಅವರ ವಿವರಣೆ. ತರ್ಕ ಸುಂದರವಾಗಿತ್ತು, ಇಲಿಗಳೂ ಗುಣವಾದವು. ಆದರೆ ಮುಂದೆ ಆ ಕಿಣ್ವದ ಜೀನನ್ನೇ ತೆಗೆದುಹಾಕಿ ನೋಡಿದಾಗ ರಕ್ತದ ಹಂತದ ಪರಾವಲಂಬಿ ಬದುಕಿಯೇ ಉಳಿಯಿತು. ಆ ಮಾರ್ಗದ ಅಗತ್ಯವಿದ್ದದ್ದು ಯಕೃತ್ತಿನ ಹಂತಕ್ಕೆ. ಪಿರಿಮೆಥಮಿನ್ ಔಷಧಕ್ಕೆ ಗುರಿಯಾದ ಡೈಹೈಡ್ರೋಫೋಲೇಟ್ ರಿಡಕ್ಟೇಸನ್ನೂ ಟ್ರೈಕ್ಲೋಸಾನ್ ತಡೆಯುತ್ತದೆಂದು 2018ರಲ್ಲಿ ಕೇಂಬ್ರಿಜ್ ತಂಡ ವರದಿ ಮಾಡಿತು. ಹೀಗೆ ಮೂಲ ಪ್ರಯೋಗದ ಫಲ ನಿಂತಿತು, ಅದರ ಕಾರಣ ಜಾಗ ಬದಲಿಸಿತು. ಪ್ರಯೋಗದ ಮೌಲ್ಯ ಇದರಿಂದ ಕುಗ್ಗುವುದಿಲ್ಲ ಎಂದೇ ನಾನು ತಿಳಿದಿದ್ದೇನೆ.

ಎರಡನೆಯ ದಾರಿ ಹಿಡಿದದ್ದು ಆಸ್ಟ್ರಾಜೆನೆಕಾ ಕಂಪನಿಯ ಬೆಂಗಳೂರು ಪ್ರಯೋಗಾಲಯ. ಅಲ್ಲಿನ ರಸಾಯನಜ್ಞರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಕೆಂಪು ರಕ್ತಕಣದೊಳಗೆ ಬೆಳೆಯುತ್ತಿರುವ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ಯಾವ ಸಂಯುಕ್ತಕ್ಕೆ ಸಾಯುತ್ತದೆ? ಕಂಪನಿಯ ದೊಡ್ಡ ಸಂಗ್ರಹವನ್ನು ಜರಡಿ ಹಿಡಿದಾಗ ಟ್ರೈಅಮಿನೋಪಿರಿಮಿಡೀನ್ ಎಂಬ ಹೊಸ ವರ್ಗ ಸಿಕ್ಕಿತು. ಬಳಿಕ ಆ ವರ್ಗದ ಸಂಯುಕ್ತವನ್ನು ತಡೆದುಕೊಳ್ಳುವ ಪರಾವಲಂಬಿಗಳನ್ನು ಬೇಕೆಂದೇ ಬೆಳೆಸಿ, ಅವುಗಳ ಜೀನೋಮ್ ಓದಿದರು. ಪ್ರೋಟಾನುಗಳನ್ನು ಪೊರೆಯಾಚೆ ತಳ್ಳುವ ಪಂಪಿನ, ಎಂದರೆ ವಿ-ಮಾದರಿಯ ಎಟಿಪೇಸಿನ, ಒಂದು ಭಾಗದಲ್ಲಿ ರೂಪಾಂತರಗಳು ಕಂಡವು. ಗುರಿ ಯಾವುದೆಂಬ ಸೂಚನೆಯನ್ನು ಪರಾವಲಂಬಿಯೇ ಕೊಟ್ಟಿತು. ಈ ವರ್ಗದಿಂದ ಔಷಧಕ್ಕೆಂದು ಆಯ್ದ ಅಭ್ಯರ್ಥಿ ಅಣು ಪರಾವಲಂಬಿಯನ್ನು ಬೇಗ ಕೊಲ್ಲುತ್ತದೆ. ಮನುಷ್ಯನ ದೇಹದಲ್ಲಿ ಅದರ ಅರ್ಧಾಯುಷ್ಯ ಸುಮಾರು 36 ಗಂಟೆ ಇರಬಹುದೆಂದು 2015ರ 'ನೇಚರ್ ಕಮ್ಯುನಿಕೇಶನ್ಸ್' ಲೇಖನ ಅಂದಾಜಿಸಿತು. ಮಾತ್ರೆಗಳನ್ನು ಅರ್ಧಕ್ಕೇ ಬಿಡುವ ರೋಗಿಗಳ ನಡುವೆ, ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವ ಈ ಗುಣದ ಬೆಲೆ ದೊಡ್ಡದು.

ಆ ಲೇಖನ ಅಚ್ಚಾಗುವ ಮುನ್ನವೇ, 2014ರಲ್ಲಿ, ಕಂಪನಿ ಬೆಂಗಳೂರಿನ ಸಂಶೋಧನೆ ನಿಲ್ಲಿಸುವುದಾಗಿ ಘೋಷಿಸಿತ್ತು. ಅಣು ಮಾತ್ರ ಉಳಿದುಕೊಂಡಿತು. ಜಿನೀವಾದ ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್ ಜೊತೆಗೂಡಿ ಅಹಮದಾಬಾದಿನ ಝೈಡಸ್ ಅದನ್ನು ಮುಂದುವರಿಸಿತು. ಝಡ್‌ವೈ-19489 ಎಂಬ ಹೆಸರು ಬಂತು. ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಮಲೇರಿಯಾ ಸೋಂಕು ತಗುಲಿಸಿ ಮಾಡಿದ ಪರೀಕ್ಷೆಯ ಫಲಿತಾಂಶ 2022ರಲ್ಲಿ 'ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್'ನಲ್ಲಿ ಬಂತು. ಒಂಟಿ ಔಷಧಕ್ಕೆ ಪರಾವಲಂಬಿ ಒಗ್ಗಿಕೊಳ್ಳುತ್ತದೆಂಬುದನ್ನು ಕ್ಲೋರೋಕ್ವಿನ್ ಕಲಿಸಿದೆ. ಆದ್ದರಿಂದ ಝಡ್‌ವೈ-19489ಕ್ಕೆ ಫೆರೋಕ್ವಿನ್ ಎಂಬ ಇನ್ನೊಂದು ಔಷಧ ಜೊತೆಗಾರನಾಗಿ ಆಯ್ಕೆಯಾಗಿದೆ.